ಅಲ್ಯೂಮಿನಿಯಂ ಕಾರ್ ಪಾರ್ಟುಗಳಿಗೆ ಅನೋಡೈಸಿಂಗಾ, ಪೌಡರ್ ಕೋಟಾ, ಇಲ್ಲಾ ಹಾಗೇ ಬಿಡೋದಾ?

ಹಳೇಗಾಡಿ:
ಎಲ್ರಿಗೂ ನಮಸ್ಕಾರ. ಹಳೇ ಕಾರೊಂದರ ಇಂಜಿನ್ ಕೆಳಗಿಳಿಸಿದೀನಿ, ಹೇಗೂ ಎಲ್ಲಾ ಬಿಚ್ಚಿದ್ದಾಗಿದೆ, ಅಲ್ಯೂಮಿನಿಯಂ ಸಾಮಾನೆಲ್ಲ ಒಂದೇ ಸಲ ಫಿನಿಶ್ ಮಾಡಿಸ್ಬಿಡೋಣ ಅಂತ. ಏನೇನಿದೆ ಅಂದ್ರೆ, ಎರಕದ ವಾಲ್ವ್ ಕವರ್, ಎರಕದ ಇನ್‌ಟೇಕ್ ಮ್ಯಾನಿಫೋಲ್ಡ್, 6061 (ಒಂದು ಬಗೆಯ ಅಲ್ಯೂಮಿನಿಯಂ ಮಿಶ್ರಲೋಹ) ದಿಮ್ಮಿಯಿಂದ ಲೇತಲ್ಲಿ ಕೊರೆಸಿದ ಪುಲ್ಲಿ, ಅದೇ 6061ರ ಎರಡು ಮೂರು ಬ್ರ್ಯಾಕೆಟ್ಟು, ವೆಲ್ಡ್ ಮಾಡಿದ ಇಂಟರ್‌ಕೂಲರ್ (ಟರ್ಬೋದ ಬಿಸಿಗಾಳಿ ತಣಿಸೋದು) ಪೈಪು, ಮುಂದಿನ ಬ್ರೇಕ್ ಕ್ಯಾಲಿಪರ್, ನಾಲ್ಕು ಅಲಾಯ್ ಚಕ್ರ, ಆಮೇಲೆ ಒಂದು ಡಬ್ಬಿ ತುಂಬಾ ಬೋಲ್ಟು. ನನ್ನ ಮನಸಲ್ಲಿರೋದು ಎಲ್ಲಾನೂ ಕೆಂಪು ಅನೋಡೈಸ್, ಆ ಲೋಹದ ಹೊಳಪು ಒಳಗಿಂದ ಕಾಣೋ ಕೆಂಪು ಇದೆಯಲ್ಲ ಅದು. ಸಣ್ಣ ಸಾಮಾನು ಮನೇಲೇ ಮಾಡ್ಕೋಬಹುದು ಅಂತಾನೂ ಕೇಳಿದೀನಿ, ಗೊತ್ತಿರೋರು ಹೇಳಿ.

ನಟ್ಟುಬೋಲ್ಟು:
ಎಲ್ಲಾ ಪೌಡರ್ ಕೋಟ್ (ಬಣ್ಣದ ಪುಡಿ ಹಾಕಿ ಭಟ್ಟಿಲಿ ಬೇಯಿಸೋದು) ಮಾಡ್ಸಿ, ಮುಗೀತು. ಬೇಕಾದ ಬಣ್ಣ ಸಿಗತ್ತೆ, ಯಾವ ಲೋಹ ಅಂತ ತಲೆ ಕೆಡಿಸ್ಕೊಳ್ಳೋ ಹಾಗಿಲ್ಲ.

ಲೇತ್‌ಮಾಮ:
ನಟ್ಟು ಹೇಳಿದ್ರಲ್ಲಿ ಅರ್ಧ ಸರಿ ಇದೆ, ಅದಕ್ಕೆ ಆಮೇಲೆ ಬರ್ತೀನಿ. ಹಳೇಗಾಡಿ, ಮೊದಲು ಒಂದು ವಿಷಯ. ಅನೋಡೈಸ್ ಅಂದ್ರೆ ಮೇಲೆ ಬಳಿಯೋ ಬಣ್ಣ ಅಲ್ಲ ಕಣ್ರೀ. ಪಾರ್ಟನ್ನ ಆ್ಯಸಿಡ್ ತೊಟ್ಟಿಲಿ ಮುಳುಗಿಸಿ ಪಾಸಿಟಿವ್ ಕಡೆ ಕೊಟ್ಟು ಕರೆಂಟ್ ಬಿಟ್ರೆ ಆ ಲೋಹದ ಮೇಲ್ಮೈಯೇ ಅಲ್ಯೂಮಿನಿಯಂ ಆಕ್ಸೈಡ್ ಆಗಿ ಬದಲಾಗತ್ತೆ, ಆ ಪದರದಲ್ಲಿ ಜೇನುಗೂಡಿನ ಥರ ಸಣ್ಣ ಸಣ್ಣ ರಂಧ್ರ ಇರತ್ತೆ, ಅದರೊಳಗೆ ಡೈ (ಬಣ್ಣ) ಇಳಿಸಿ ಬಿಸಿನೀರಲ್ಲಿ ಬಾಯಿ ಮುಚ್ಚಿಸ್ತಾರೆ (ಇದೇ ಸೀಲಿಂಗ್), ಅಷ್ಟೇ. ಹಾಗಾಗಿ ಕೆಳಗಿರೋ ಲೋಹ ಏನೋ ಫಿನಿಶ್ಶೂ ಅದೇ. ಗೀರಿದ್ರೆ ಗೀರೇ ಕಾಣತ್ತೆ, ಎರಕದಲ್ಲಿ ತೂತಿದ್ರೆ ತೂತೇ ಕಾಣತ್ತೆ, ಲೋಹದೊಳಗೆ ಸಿಲಿಕಾನ್ ಇದ್ರೆ ಸಿಲಿಕಾನ್ ಕಾಣತ್ತೆ.

ನಿಮ್ಮ 6061 ಪುಲ್ಲಿ, ಬ್ರ್ಯಾಕೆಟ್ಟು ಅನೋಡೈಸಿಂಗ್‌ಗೆ ಹೇಳಿ ಮಾಡಿಸಿದ್ದು. 6063 ಆದ್ರೆ ಇನ್ನೂ ಚೆನ್ನ, 5052 ಕೂಡ ಪರವಾಗಿಲ್ಲ. 7075 ಆಗತ್ತೆ, ಆದ್ರೆ ಛಾಯೆ ಒಂಚೂರು ಹಳದಿ ತಿರುಗತ್ತೆ, ಅದನ್ನ 6061 ಪಕ್ಕ ಇಟ್ರೆ ಒಂದೇ ಡೈ ಹಾಕಿದ್ರೂ ಒಂದೇ ಕೆಂಪು ಬರಲ್ಲ. 2024ರಲ್ಲಿ ತಾಮ್ರ ಜಾಸ್ತಿ, ಪದರ ತೆಳು, ತುಕ್ಕು ತಡೆಯೋ ಶಕ್ತೀನೂ ಕಮ್ಮಿ. ವಾಲ್ವ್ ಕವರ್ರೂ ಮ್ಯಾನಿಫೋಲ್ಡೂ ಮಾತ್ರ ಕೆಂಪಾಗತ್ತೆ ಅನ್ನೋ ಆಸೆ ಬಿಟ್ಬಿಡಿ.

ಹಳೇಗಾಡಿ:
ಅಯ್ಯೋ ಅದೇ ತಾನೆ ಮೇಲೆ ಕಾಣೋದು. ಎರಕದ್ದು ಯಾಕಾಗಲ್ಲ? ನೋಡೋಕೆ ಎರಡೂ ಬೆಳ್ಳಗೇ ಇದೆಯಲ್ಲ.

ರಸಾಯನಶಾಲೆ:
ಎರಕದ ಅಲ್ಯೂಮಿನಿಯಂ ಅಚ್ಚಿನೊಳಗೆ ಸಲೀಸಾಗಿ ಹರೀಲಿ ಅಂತ ಸಿಲಿಕಾನ್ ಸೇರಿಸ್ತಾರೆ. ಚಕ್ರ, ಮ್ಯಾನಿಫೋಲ್ಡುಗಳಿಗೆ ತುಂಬಾ ಬಳಸೋ ಎ356ರಲ್ಲಿ ಸುಮಾರು 7 ಪರ್ಸೆಂಟ್ ಸಿಲಿಕಾನ್. ಡೈ ಕಾಸ್ಟಿಂಗ್‌ನ (ಲೋಹದ ಅಚ್ಚಿಗೆ ಒತ್ತಡದಲ್ಲಿ ಎರಕ ಹುಯ್ಯೋದು) ಎಡಿಸಿ12ರಲ್ಲಿ 10ರಿಂದ 12 ಹತ್ತಿರ, ಜೊತೆಗೆ ತಾಮ್ರ ಬೇರೆ. ಈ ಸಿಲಿಕಾನ್ ಕಣಗಳು ತೊಟ್ಟಿಲಿ ಆಕ್ಸೈಡ್ ಆಗೋದೂ ಇಲ್ಲ, ಕರಗೋದೂ ಇಲ್ಲ, ಪದರದ ಒಳಗೇ ಸಿಕ್ಕಾಕೊಂಡು ಬೂದು ಬಣ್ಣ ಕೊಡ್ತವೆ. ಎ356 ಆದ್ರೆ ಬೂದು, ಅದರ ಮೇಲೆ ಕಪ್ಪು ಡೈ ಹಾಕಿದ್ರೆ ಒಂದು ಮಟ್ಟಕ್ಕೆ ಒಪ್ಪಿಗೆಯಾಗತ್ತೆ. ಎಡಿಸಿ12 ಥರದ್ದಾದ್ರೆ ಕೊಳಕು ಕಡುಬೂದು, ಮಚ್ಚೆ ಮಚ್ಚೆ. ಕೆಂಪು ಹಾಕಿದ್ರೆ ಒಣಗಿದ ರಕ್ತದ ಬಣ್ಣ ಬರತ್ತೆ, ಹೊಳಪಿನ ಕೆಂಪು ಬರೋದೇ ಇಲ್ಲ.

ಇನ್ನೊಂದು, ಹಳೇ ಗಾಡಿ ಅಂದ್ರಿ, ಬೆಳ್ಳಗಿರೋದೆಲ್ಲ ಅಲ್ಯೂಮಿನಿಯಂ ಅಲ್ಲ. ಕೆಲವು ಇಂಜಿನ್ ಕವರ್ರು ಮೆಗ್ನೀಸಿಯಂದಿರತ್ತೆ, ಕೆಲವು ಸಣ್ಣ ಬ್ರ್ಯಾಕೆಟ್ಟು, ಹಿಡಿ, ಕಾರ್ಬುರೇಟರ್ ಬಾಡಿ ಸತುವಿನ ಎರಕ ಇರತ್ತೆ. ಎರಡನ್ನೂ ಸಲ್ಫ್ಯೂರಿಕ್ ಆ್ಯಸಿಡ್‌ನಲ್ಲಿ ಇಳಿಸಿದ್ರೆ ಕರಗಿ ಹೋಗತ್ತೆ, ತೊಟ್ಟೀನೂ ಹಾಳು. ತೂಕದಲ್ಲೇ ಸುಳಿವು ಸಿಗತ್ತೆ, ಅಲ್ಯೂಮಿನಿಯಂ ಸಾಂದ್ರತೆ 2.7, ಮೆಗ್ನೀಸಿಯಂ 1.8 ಹತ್ತಿರ, ಸತುವಿನ ಎರಕ 6.6ಕ್ಕೂ ಮೇಲೆ. ಮೆಗ್ನೀಸಿಯಂ ಅನ್ನೋ ಅನುಮಾನ ಇದ್ರೆ ಕಾಣದ ಜಾಗದಲ್ಲಿ ಒಂಚೂರು ಕೆರೆದು ಒಂದು ಹನಿ ವಿನೆಗರ್ ಬಿಡಿ, ನೊರೆನೊರೆಯಾಗಿ ಗುಳ್ಳೆ ಎದ್ರೆ ಮೆಗ್ನೀಸಿಯಂ. ಅಲ್ಯೂಮಿನಿಯಂ ಸುಮ್ನಿರತ್ತೆ. ಕೆರೆದ ಪುಡಿ ರಾಶಿ ಹಾಕ್ಬೇಡಿ, ಮೆಗ್ನೀಸಿಯಂ ಪುಡಿ ಹೊತ್ಕೊಂಡ್ರೆ ನೀರು ಹಾಕಿ ಆರಿಸೋಕಾಗಲ್ಲ.

ನಟ್ಟುಬೋಲ್ಟು:
ನಾನು ಹೇಳಿದ್ದೂ ಅದೇ ಅಲ್ವಾ 😀 ಎರಕಕ್ಕೆ ಪೌಡರ್ ಕೋಟ್.

ಲೇತ್‌ಮಾಮ:
ಎರಕಕ್ಕೆ ಒಪ್ಕೊಂಡೆ. ವಾಲ್ವ್ ಕವರ್‌ಗೆ ನನ್ನ ಕೇಳಿದ್ರೆ ಸುಕ್ಕು ಫಿನಿಶ್ ಇರೋ ಕೆಂಪು ಪೌಡರ್, ಎರಕದ ಒರಟುತನ ಮುಚ್ಚತ್ತೆ, ಹಳೇ ಗಾಡಿಗೂ ಹೊಂದತ್ತೆ. ಆದ್ರೆ ಮುಂಚೆ ಒಳಗಿರೋ ಬ್ಯಾಫಲ್ ಪ್ಲೇಟ್ (ಆಯಿಲ್ ಎರಚೋದನ್ನ ತಡೆಯೋ ತಗಡು) ಬಿಚ್ಚಿ. ರಿವೆಟ್ ಇದ್ರೂ ಕೊರೆದು ತೆಗೀರಿ. ಬಿಚ್ಚದೆ ಗ್ಲಾಸ್ ಬೀಡ್ ಬ್ಲಾಸ್ಟ್ ಮಾಡಿಸಿದ್ರೆ ಆ ಗಾಜಿನ ಮಣಿ ಪ್ಲೇಟಿನ ಹಿಂದೆ ಕೂತಿರತ್ತೆ, ಎಷ್ಟು ತೊಳೆದ್ರೂ ಬರಲ್ಲ, ಇಂಜಿನ್ ಬಿಸಿ ಆಗಿ ಆಯಿಲ್ ಎರಚಿದಾಗ ಒಂದೊಂದೇ ಇಳ್ಕೊಂಡು ಬೇರಿಂಗ್‌ಗೆ ಹೋಗತ್ತೆ. ಬಣ್ಣದ ಆಸೆಗೆ ಇಂಜಿನ್ ಕಳ್ಕೊಂಡೋರಿದಾರೆ. ಮ್ಯಾನಿಫೋಲ್ಡಿನ ಒಳಗೂ ಅದೇ ಕಥೆ.

ಬೆಸುಗೆಕೈ:
ಇಂಟರ್‌ಕೂಲರ್ ಪೈಪ್ ಬಗ್ಗೆ ಯಾರೂ ಹೇಳ್ಲಿಲ್ಲ ಅದಕ್ಕೆ ಹೇಳ್ತೀನಿ. ಯಾವ ಫಿಲ್ಲರ್ ರಾಡ್ (ಬೆಸುಗೆಗೆ ಕರಗಿಸಿ ತುಂಬೋ ಕಡ್ಡಿ) ಹಾಕಿ ವೆಲ್ಡ್ ಮಾಡಿದಾರೆ ಅಂತ ಗೊತ್ತಾ? 4043 ಆದ್ರೆ ಅದರಲ್ಲಿ 5 ಪರ್ಸೆಂಟ್ ಸಿಲಿಕಾನ್, ಅನೋಡೈಸ್ ಆದ್ಮೇಲೆ ಪೈಪೆಲ್ಲ ಕೆಂಪು, ವೆಲ್ಡ್ ಗೆರೆ ಮಾತ್ರ ಕಪ್ಪು ಮಸಿ ಬಳಿದಂಗೆ ಎದ್ದು ಕಾಣತ್ತೆ. 5356 ಆದ್ರೆ ಬಣ್ಣ ಹತ್ತಿರ ಹತ್ತಿರ ಹೊಂದತ್ತೆ. ಆಗ್ಲೂ ವೆಲ್ಡ್ ಪಕ್ಕದಲ್ಲಿ ಬಿಸಿ ತಗೊಂಡ ಜಾಗ ಒಂದು ಛಾಯೆ ಬೇರೆ ಇರತ್ತೆ, ಅದು ತಪ್ಪಲ್ಲ.

ಹಾಗಂತ ಎಲ್ಲಾ ಕಡೆ 5356 ಹಾಕ್ಸೋಕೂ ಹೋಗ್ಬೇಡಿ. ಅದರಲ್ಲಿ ಮೆಗ್ನೀಸಿಯಂ 5 ಪರ್ಸೆಂಟ್ ಇರೋದ್ರಿಂದ 65 ಡಿಗ್ರಿ ಮೇಲೆ ಯಾವಾಗ್ಲೂ ಕಾಯ್ತಾ ಇರೋ ಜಾಗಕ್ಕೆ ಅದನ್ನ ಹಾಕ್ಬಾರ್ದು ಅಂತಾರೆ, ಕಾಲ ಕಳೀತಾ ಒತ್ತಡ ತುಕ್ಕು ಸೇರಿ ಬಿರುಕು ಬಿಡೋ ಸಾಧ್ಯತೆ ಇರತ್ತೆ. ಕೂಲರ್‌ನಿಂದ ಆಚೆ ಬರೋ ತಣ್ಣನೆ ಕಡೆ ಪೈಪ್ ಆದ್ರೆ ಓಕೆ, ಟರ್ಬೋದಿಂದ ಹೊರಡೋ ಬಿಸಿ ಕಡೆ ಪೈಪ್ ಆದ್ರೆ 4043 ಹಾಕಿ ಪೌಡರ್ ಕೋಟ್ ಮಾಡ್ಸಿ ಇಲ್ಲಾ ಪಾಲಿಶ್ ಮಾಡಿ ಬಿಡಿ.

ಹಳೇಗಾಡಿ:
ಬಿಸಿ ಕಡೇದೇ. ವೆಲ್ಡ್ ಮಾಡ್ಕೊಟ್ಟೋರನ್ನ ಕೇಳ್ದೆ, 4043 ಅಂದ್ರು. ಸರಿ ಪೈಪು ಲಿಸ್ಟಿಂದ ಔಟ್. ಚಕ್ರ?

ನಟ್ಟುಬೋಲ್ಟು:
ಪೌಡರ್ ಕೋಟ್!!

ಲೇತ್‌ಮಾಮ:
ಚಕ್ರಕ್ಕೆ ಪೌಡರ್ ಕೋಟ್ ಎಲ್ರೂ ಮಾಡಿಸ್ತಾರೆ ನಿಜ, ಆದ್ರೆ ಅಲ್ಲೇ ಹುಷಾರಾಗಿರ್ಬೇಕಾದ್ದು. ಪುಡಿ ಕರಗಿ ಗಟ್ಟಿಯಾಗೋಕೆ ಲೋಹ 180-200 ಡಿಗ್ರಿ ತಲುಪಿ ಹತ್ತಿಪ್ಪತ್ತು ನಿಮಿಷ ಇರ್ಬೇಕು. ಎರಕದ ಚಕ್ರಕ್ಕೆ ಟಿ6 ಅನ್ನೋ (ಬಿಸಿ ಮಾಡಿ ಲೋಹ ಗಟ್ಟಿ ಮಾಡೋ) ಗಟ್ಟಿತನ ಕೊಡೋದು 155 ಡಿಗ್ರಿ ಆಸುಪಾಸಲ್ಲಿ ಗಂಟೆಗಟ್ಲೆ ಇಟ್ಟು. ಅಂದ್ರೆ ಕೋಟಿಂಗ್ ಭಟ್ಟಿ ಅದಕ್ಕಿಂತ ಬಿಸಿ. ಒಂದು ಸಲ ಸ್ವಲ್ಪ ಹೊತ್ತು ಇಟ್ರೆ ದೊಡ್ಡ ನಷ್ಟ ಆಗಲ್ಲ, ಆದ್ರೆ ಬಣ್ಣ ಇಷ್ಟ ಆಗ್ಲಿಲ್ಲ ಅಂತ ಸುಟ್ಟು ತೆಗ್ಸಿ ಮತ್ತೆ ಬೇಯಿಸೋದು, ಆಮೇಲೆ ಮೇಲಿನ ಕ್ಲಿಯರ್‌ಗೆ ಇನ್ನೊಂದ್ಸಲ ಬೇಯಿಸೋದು, ಹೀಗೆ ಮಾಡ್ತಾ ಹೋದ್ರೆ ಲೋಹ ಮೆತ್ತಗಾಗ್ತಾ ಬರತ್ತೆ, ಹೊರಗಿಂದ ಏನೂ ಗೊತ್ತಾಗಲ್ಲ. ಹಳೇ ಬಣ್ಣ ಸುಟ್ಟು ತೆಗೆಯೋ ಭಟ್ಟಿಗೆ ಚಕ್ರ ಹಾಕೋಕೆ ಬಿಡ್ಲೇಬೇಡಿ, ಕೆಮಿಕಲ್ ಸ್ಟ್ರಿಪ್ ಮಾಡ್ಸಿ. ಕಡಿಮೆ ಬಿಸಿಗೆ ಬೇಯೋ ಪುಡೀನೂ ಇದೆ, ಇಲ್ಲಾ ಚಕ್ರದ ಪೇಂಟ್ ಅಂತಲೇ ಬರೋ ದ್ರವ ಬಣ್ಣ ಹೊಡಿಸಿದ್ರೆ ಈ ಚಿಂತೆನೇ ಇಲ್ಲ.

ಮತ್ತೆ, ನಟ್ಟು ಕೂರೋ ಕೋನ್ ಆಕಾರದ ಜಾಗ, ಹಬ್ಬಿಗೆ ತಾಗೋ ಹಿಂಭಾಗ, ಎರಡನ್ನೂ ಮಾಸ್ಕ್ ಮಾಡ್ಸಿ. ಅಲ್ಲಿ 60-100 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಪ್ಲಾಸ್ಟಿಕ್ ಪದರ ಇದ್ರೆ ಬಿಗಿ ಮಾಡಿದಾಗ ಸರಿ ಅನ್ಸತ್ತೆ, ಓಡ್ತಾ ಓಡ್ತಾ ಆ ಪದರ ಹಿಚುಕಿ ಟಾರ್ಕ್ ಬಿಟ್ಟೋಗತ್ತೆ.

ನಟ್ಟುಬೋಲ್ಟು:
ಈ ಮಾಸ್ಕಿಂಗ್ ಮಾತು ನೂರಕ್ಕೆ ನೂರು. ಭಟ್ಟಿ ವಿಷಯ ನೀವು ಹೆದರಿಸ್ತಾ ಇದೀರಾ ಅನ್ಸತ್ತೆ, ಕಂಪನಿಯಿಂದಲೇ ಪೌಡರ್ ಹಾಕಿರೋ ಚಕ್ರ ಬರಲ್ವಾ?

ಲೇತ್‌ಮಾಮ:
ಬರತ್ತೆ. ಕಂಪನಿಯವರು ಆ ಬೇಯಿಸೋದನ್ನ ಲೆಕ್ಕಕ್ಕೆ ತಗೊಂಡೇ ಹೀಟ್ ಟ್ರೀಟ್ಮೆಂಟ್ ಕೂರಿಸಿರ್ತಾರೆ, ಆಮೇಲೆ ಟೆಸ್ಟೂ ಮಾಡಿರ್ತಾರೆ. ಎರಡನೇ ಮೂರನೇ ಸಲ ಬೇಯೋದು ಅವರ ಲೆಕ್ಕದಲ್ಲಿಲ್ಲ.

ಕಿಡಿಗಂಬಿ:
ಬ್ರ್ಯಾಕೆಟ್ ಬಗ್ಗೆ ನಂದೊಂದು ಮಾತು. ಆ ಬ್ರ್ಯಾಕೆಟ್‌ಗಳಲ್ಲಿ ಆಲ್ಟರ್ನೇಟರ್ ಕೂರೋದೋ, ಅರ್ತ್ ವೈರ್ ಬರೋದೋ ಇದೆಯಾ? ಅನೋಡೈಸ್ ಪದರ ಕರೆಂಟ್ ಹರಿಯೋಕೆ ಬಿಡಲ್ಲ, ಮಲ್ಟಿಮೀಟರ್ ಎರಡೂ ಕಡ್ಡಿ ಇಟ್ರೆ ಓಪನ್ ತೋರಿಸತ್ತೆ (ಪಾರ್ಟ್ ಆಗ್ಲೇ ಅನೋಡೈಸ್ ಆಗಿದೆಯಾ ಇಲ್ವಾ ಅಂತ ನೋಡೋಕೂ ಇದೇ ಸುಲಭ ದಾರಿ). ಹೊಳೀತಾ ಇರೋ ಬ್ರ್ಯಾಕೆಟ್ ಜೋಡಿಸಿ ಬ್ಯಾಟರಿ ಚಾರ್ಜ್ ಆಗ್ತಿಲ್ಲ, ಸೆನ್ಸರ್ ಹುಚ್ಚುಚ್ಚಾಗಿ ರೀಡಿಂಗ್ ಕೊಡ್ತಿದೆ ಅಂತ ಮೀಟರ್ ಹಿಡ್ಕೊಂಡು ಓಡಾಡೋರನ್ನ ನೋಡಿದೀನಿ. ಅರ್ತ್ ತಾಗೋ ಜಾಗ ಮಾಸ್ಕ್ ಮಾಡ್ಸಿ, ಬರೀ ಬಿಟ್ರೆ ತುಕ್ಕು ಅನ್ನೋದಾದ್ರೆ ಅಷ್ಟು ಜಾಗಕ್ಕೆ ಕ್ರೋಮೇಟ್ ಕನ್ವರ್ಶನ್ ಹಚ್ಚಿಸಿ, ಅದು ಕ್ರೋಮಿಯಂ ರಾಸಾಯನಿಕದಿಂದ ಬರೋ ತೆಳು ಪದರ, ಕರೆಂಟ್ ಹಾಯತ್ತೆ. ಪೇಂಟ್ ಕೆಳಗೂ ಅದು ಒಳ್ಳೇ ಹಿಡಿತ ಕೊಡತ್ತೆ. ಟ್ರೈವೇಲೆಂಟ್ ಬಗೆ ಕೇಳಿ ಪಡೀರಿ, ಹಳೇ ಹಳದಿ ಬಗೆ ಹೆಕ್ಸಾವೇಲೆಂಟ್ ಕ್ರೋಮಿಯಂ, ಕ್ಯಾನ್ಸರ್ ತರೋ ವಸ್ತು.

ಹಳೇಗಾಡಿ:
ಒಂದು ಬ್ರ್ಯಾಕೆಟ್‌ಗೆ ಅರ್ತ್ ಬರತ್ತೆ, ಒಳ್ಳೇದಾಯ್ತು ಹೇಳಿದ್ರಿ. ಪುಲ್ಲಿಗೆ ಮಾಮೂಲಿ ಅನೋಡೈಸ್ ಸಾಕಾ ಹಾರ್ಡ್ ಅನೋಡೈಸ್ ಬೇಕಾ? ಕೆಂಪೇ ಬೇಕು ಮತ್ತೆ ಹೇಳ್ತಿದೀನಿ 😅

ಲೇತ್‌ಮಾಮ:
ಹಾರ್ಡ್ ಮತ್ತು ಕೆಂಪು ಎರಡೂ ಒಟ್ಟಿಗೆ ಬರಲ್ಲ. ಮಾಮೂಲಿ ಸಲ್ಫ್ಯೂರಿಕ್, ಟೈಪ್ 2 ಅಂತಾರೆ, ಅದು 25 ಮೈಕ್ರಾನ್ ವರೆಗೆ, ಪದರ ಪಾರದರ್ಶಕ, ಡೈ ಚೆನ್ನಾಗಿ ಹಿಡಿಯತ್ತೆ. ಹಾರ್ಡ್ ಅಂದ್ರೆ ಟೈಪ್ 3, ತೊಟ್ಟಿ ಸೊನ್ನೆ ಡಿಗ್ರಿ ಹತ್ತಿರ ತಣ್ಣಗಿಟ್ಟು ಜಾಸ್ತಿ ಕರೆಂಟ್ ಕೊಟ್ಟು 50 ಮೈಕ್ರಾನ್ ಸುತ್ತಮುತ್ತ ಬೆಳೆಸ್ತಾರೆ, ಆ ಪದರ ತಾನಾಗೇ ಕಡುಬೂದು ಇಲ್ಲಾ ಕಂಚಿನ ಕಪ್ಪಿಗೆ ತಿರುಗತ್ತೆ. ಅದರ ಮೇಲೆ ಕಪ್ಪು ಡೈ ಕೂರತ್ತೆ, ಕೆಂಪು ಕಾಣಲ್ಲ.

ಬೆಲ್ಟ್ ಉಜ್ಜೋ ಪುಲ್ಲಿಗೆ ನಾನಾದ್ರೆ ಹಾರ್ಡ್ ಮಾಡಿಸ್ತೀನಿ. ಮಾಮೂಲಿ ಕೆಂಪು ಮಾಡಿಸಿದ್ರೆ ಬೆಲ್ಟ್ ಓಡೋ ತೋಡಿನಲ್ಲಿ ಬಣ್ಣ ಸವೆದು ಬಿಳಿ ಲೋಹ ಕಾಣಿಸ್ಕೊಳ್ಳತ್ತೆ, ಧೂಳಿನ ಜಾಗದಲ್ಲಿ ಓಡಿಸಿದ್ರಂತೂ ಇನ್ನೂ ಬೇಗ. ಸೀಲಿಂಗ್ ಮಾಡಿದ್ರೆ ಹಾರ್ಡ್ ಪದರದ ಸವೆತ ತಡೆಯೋ ಗುಣ ಒಂಚೂರು ಇಳಿಯತ್ತೆ, ಹಾಗಾಗಿ ಉಜ್ಜೋ ಜಾಗಕ್ಕೆ ಸೀಲ್ ಬೇಡ ಅಂತ ಹೇಳೋದೂ ಉಂಟು, ಆದ್ರೆ ಸೀಲ್ ಇಲ್ದೆ ಇದ್ರೆ ತುಕ್ಕು ತಡೆಯೋದು ಕಮ್ಮಿ. ಕೊಡುವಾಗಲೇ ಮಾತಾಡ್ಕೊಳ್ಳಿ.

ಅಳತೆ ವಿಷಯ ಮರೀಬೇಡಿ. ಹಾರ್ಡ್ ಪದರ ಅರ್ಧ ಲೋಹದ ಒಳಕ್ಕೆ ಅರ್ಧ ಹೊರಕ್ಕೆ ಬೆಳೆಯತ್ತೆ. 50 ಮೈಕ್ರಾನ್ ಅಂದ್ರೆ ಪ್ರತಿ ಮೇಲ್ಮೈ 25 ಮೈಕ್ರಾನ್ ಉಬ್ಬತ್ತೆ, ಶಾಫ್ಟ್ ಕೂರೋ ತೂತಿನ ವ್ಯಾಸ 50 ಮೈಕ್ರಾನ್ ಚಿಕ್ಕದಾಗತ್ತೆ, ಆಮೇಲೆ ಪ್ರೆಸ್ ಫಿಟ್ ಕೂರಲ್ಲ ಅಂತ ಸುತ್ತಿಗೆ ತಗೊಂಡ್ರೆ ಪದರ ಸಿಡಿಯತ್ತೆ. ಥ್ರೆಡ್ ಅಂತೂ ಇನ್ನೂ ಮೋಸ, ಇಳಿಜಾರು ಮೇಲ್ಮೈ ಆದ್ರಿಂದ 60 ಡಿಗ್ರಿ ಥ್ರೆಡ್ಡಿನ ಪಿಚ್ ವ್ಯಾಸ ಉಬ್ಬಿದ್ದರ ನಾಲ್ಕು ಪಟ್ಟು ಬದಲಾಗತ್ತೆ, ಅಂದ್ರೆ 25ಕ್ಕೆ 100 ಮೈಕ್ರಾನ್, ಬೋಲ್ಟು ಒಳಗೆ ಹೋಗೋದೇ ಇಲ್ಲ. ತೂತಿಗೆ ರಬ್ಬರ್ ಬಿರಡೆ ಹಾಕ್ಸಿ ಇಲ್ಲಾ ಮೊದಲೇ ಅಷ್ಟು ದೊಡ್ಡದಾಗಿ ಕೊರೆಸಿ. ಮಾಮೂಲಿ ಅನೋಡೈಸ್‌ನಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ ಹೊರಕ್ಕೆ, ಪದರಾನೂ ತೆಳು, ಅಷ್ಟು ಕಾಟ ಇಲ್ಲ.

ಬೆಸುಗೆಕೈ:
ಒಳಗಿರೋ ಸ್ಟೀಲ್ ಹೆಲಿಕಾಯಿಲ್ (ಥ್ರೆಡ್ಡಿಗೆ ಹಾಕೋ ಸುರುಳಿ), ಬುಶ್, ಸ್ಟಡ್, ಬೇರಿಂಗ್ ಎಲ್ಲಾ ತೆಗೆದು ಕೊಡಿ. ಒಂದು ಸ್ಟೀಲ್ ಚೂರು ತೊಟ್ಟಿಗೆ ಇಳಿದ್ರೂ ಕರೆಂಟೆಲ್ಲ ಅದೇ ಕುಡ್ಕೊಂಡು ಅದೂ ಕರಗಿ ಪಕ್ಕದ ಅಲ್ಯೂಮಿನಿಯಮ್ಮೂ ಸುಟ್ಟಂಗಾಗತ್ತೆ.

ಕೆಂಪಿರುವೆ:
ನಂದೊಂದು ಕಿರಿಕಿರಿ ಪ್ರಶ್ನೆ. ಕೆಂಪು ಅನೋಡೈಸ್ ಆದ ಫಿಟ್ಟಿಂಗುಗಳು ಒಂದೆರಡು ಬೇಸಿಗೆ ಕಳೆಯೋದ್ರೊಳಗೆ ಗುಲಾಬಿ ಆಗತ್ತಲ್ಲ, ನೇರಳೆ ಬಣ್ಣದ್ದು ಕಂದು ಆಗತ್ತೆ. ಹಳೇಗಾಡಿಯವರಿಗೆ ಅದು ಮೊದಲೇ ಗೊತ್ತಿರ್ಲಿ ಅಂತ.

ರಸಾಯನಶಾಲೆ:
ಹೌದು, ಡೈ ಸಾವಯವ ಬಣ್ಣ, ಅಲ್ಟ್ರಾವೈಲೆಟ್ ಬೆಳಕಿಗೆ ಮುರಿಯತ್ತೆ, ಇಂಜಿನ್ ಶಾಖಕ್ಕೂ ಮಂಕಾಗತ್ತೆ. ಆದ್ರೆ ಎಲ್ಲಾ ಕೆಂಪೂ ಒಂದೇ ಅಲ್ಲ, ಡೈ ತಯಾರಿಸೋರು ಬೆಳಕಿಗೆ ಎಷ್ಟು ತಡೆಯತ್ತೆ ಅಂತ ದರ್ಜೆ ಕೊಟ್ಟಿರ್ತಾರೆ, ಅದನ್ನ ಕೇಳಿ. ಪದರ ತೆಳುವಿದ್ರೆ, ಸೀಲಿಂಗ್ ಅರೆಬರೆ ಆಗಿದ್ರೆ ಒಳ್ಳೇ ಡೈ ಕೂಡ ಬೇಗ ಹೋಗತ್ತೆ. ಯಾವತ್ತೂ ಮಾಸಬಾರ್ದು ಅಂದ್ರೆ ದಾರಿ ಬೇರೆ. ರಂಧ್ರದ ತಳದಲ್ಲಿ ತವರದ ಲವಣದಿಂದ ಲೋಹ ಇಳಿಸೋ ವಿದ್ಯುತ್ ಬಣ್ಣ ಅಂತ ಇದೆ, ಕಟ್ಟಡಗಳ ಕಿಟಕಿ ಚೌಕಟ್ಟಿಗೆ ಮಾಡೋದು ಅದನ್ನೇ, ಆದ್ರೆ ಅದರಲ್ಲಿ ಕಂಚಿನ ಬಣ್ಣದಿಂದ ಕಪ್ಪಿನವರೆಗೆ ಮಾತ್ರ ಸಿಗತ್ತೆ. ಚಿನ್ನದ ಬಣ್ಣಕ್ಕೆ ಫೆರಿಕ್ ಅಮೋನಿಯಂ ಆಕ್ಸಲೇಟ್ ಬಳಸ್ತಾರೆ, ಅದು ಕಬ್ಬಿಣದ ಸಂಯುಕ್ತ ಆದ್ರಿಂದ ಬಿಸಿಲಿಗೆ ಜಗ್ಗಲ್ಲ. ಬಾನೆಟ್ ಕೆಳಗಿರೋ ಬ್ರ್ಯಾಕೆಟ್‌ಗೆ ಬಿಸಿಲು ಎಲ್ಲಿಂದ ಬರ್ಬೇಕು, ಕೆಂಪು ಹಾಕ್ಕೊಳ್ಳಿ ಏನಾಗಲ್ಲ.

ಹಳೇಗಾಡಿ:
ಹಾಗಾದ್ರೆ ಬ್ರ್ಯಾಕೆಟ್ ಕೆಂಪು, ಪುಲ್ಲಿ ಹಾರ್ಡ್ ಕಪ್ಪು. ಬ್ರ್ಯಾಕೆಟ್‌ಗಳನ್ನ ಮನೇಲಿ ಮಾಡೋದು ಹೇಗೆ ಅಂತ ಯಾರಾದ್ರೂ ಬರೀತೀರಾ? ಬ್ಯಾಟರಿ ಚಾರ್ಜರ್ ಇದೆ ನನ್ನ ಹತ್ರ.

ರಸಾಯನಶಾಲೆ:
ಬರೀತೀನಿ, ಆದ್ರೆ ಇದು ಆಟ ಅಲ್ಲ. ಕನ್ನಡಕ, ಉದ್ದ ಗ್ಲೌಸು, ಏಪ್ರನ್, ಗಾಳಿಯಾಡೋ ಜಾಗ, ಪಕ್ಕದಲ್ಲಿ ಬಕೆಟ್ ತುಂಬಾ ನೀರು ಮತ್ತೆ ಅಡಿಗೆ ಸೋಡಾ, ಇಷ್ಟಿಲ್ಲ ಅಂದ್ರೆ ಅನೋಡೈಸ್ ಮಾಡೋ ಅಂಗಡಿಗೆ ಕೊಟ್ಬಿಡಿ. ತೊಟ್ಟಿಯಿಂದ ಹೈಡ್ರೋಜನ್ ಬರತ್ತೆ, ಹತ್ರ ಬೆಂಕಿ ಕಿಡಿ ಬೇಡ, ಆ್ಯಸಿಡ್ ಮಂಜು ಪಕ್ಕದ ಟೂಲ್‌ಗಳಿಗೆಲ್ಲ ತುಕ್ಕು ಹಿಡಿಸತ್ತೆ.

ತೊಟ್ಟಿ ಪ್ಲಾಸ್ಟಿಕ್ಕಿಂದು. ಸಲ್ಫ್ಯೂರಿಕ್ ಆ್ಯಸಿಡ್ ತೂಕದಲ್ಲಿ 15-20 ಪರ್ಸೆಂಟ್ ಇರ್ಬೇಕು. ಬ್ಯಾಟರಿಗೆ ಹಾಕೋ ಆ್ಯಸಿಡ್ 35 ಪರ್ಸೆಂಟ್ ಹತ್ತಿರ ಇರತ್ತೆ, ಅದಕ್ಕೆ ಅಷ್ಟೇ ಅಳತೆ ಡಿಸ್ಟಿಲ್ಡ್ ವಾಟರ್ ಸೇರಿದ್ರೆ ಸರಿಯಾಗತ್ತೆ. ಯಾವಾಗ್ಲೂ ನೀರಿಗೆ ಆ್ಯಸಿಡ್ ಹಾಕೋದು, ಆ್ಯಸಿಡ್‌ಗೆ ನೀರು ಹಾಕಿದ್ರೆ ಕುದ್ದು ಮುಖಕ್ಕೆ ಹಾರತ್ತೆ. ನೆಗೆಟಿವ್ ಕಡೆಗೆ ಅಲ್ಯೂಮಿನಿಯಂ ತಗಡು ಇಲ್ಲಾ ಸೀಸದ ತಗಡು. ಪಾರ್ಟ್ ನೇತು ಹಾಕೋಕೆ ಅಲ್ಯೂಮಿನಿಯಂ ಇಲ್ಲಾ ಟೈಟಾನಿಯಂ ತಂತಿ ಮಾತ್ರ, ತಾಮ್ರದ ತಂತಿ ಕರಗಿ ತೊಟ್ಟಿ ಕೆಡಿಸತ್ತೆ. ತಂತಿ ಬಿಗಿಯಾಗಿ ಕಚ್ಚಿರ್ಬೇಕು, ಅದು ಕಚ್ಚಿದ ಜಾಗದಲ್ಲಿ ಮಚ್ಚೆ ಉಳಿಯತ್ತೆ, ಅದಕ್ಕೆ ಕಾಣದ ತೂತಿನೊಳಗೆ ಹಿಡಿಸಿ.

ಕರೆಂಟ್ ಲೆಕ್ಕ ಮೇಲ್ಮೈ ವಿಸ್ತೀರ್ಣದ ಮೇಲೆ. 10 ಸೆಂಟಿಮೀಟರ್ ಚೌಕ ಅಂದ್ರೆ ಒಂದು ಚದರ ಡೆಸಿಮೀಟರ್, ಅದಕ್ಕೆ 1.5 ಆಂಪ್. ಬ್ರ್ಯಾಕೆಟ್ಟಿನ ಎಲ್ಲಾ ಮುಖ, ತೂತಿನ ಒಳಗೋಡೆ ಸೇರಿಸಿ 6 ಚದರ ಡೆಸಿಮೀಟರ್ ಆದ್ರೆ 9 ಆಂಪ್. ಆಂಪ್, ನಿಮಿಷ ಎರಡನ್ನೂ ಗುಣಿಸಿ 0.3ರಿಂದ ಗುಣಿಸಿದ್ರೆ ಮೈಕ್ರಾನ್ ಬರತ್ತೆ (ಆಂಪ್ ಅಂದ್ರೆ ಒಂದು ಚದರ ಡೆಸಿಮೀಟರಿಗೆ ಎಷ್ಟೋ ಅಷ್ಟು), 1.5ರಲ್ಲಿ 40 ನಿಮಿಷ ಇಟ್ರೆ 18 ಮೈಕ್ರಾನ್. ಕೆಂಪಿಗೆ ಅದು ಸಾಕು, ಕಪ್ಪಿಗೆ 20 ದಾಟಿಸಿ. ಬ್ಯಾಟರಿ ಚಾರ್ಜರ್‌ನಲ್ಲಿ ಕರೆಂಟ್ ನಿಮ್ಮ ಹಿಡಿತದಲ್ಲಿರಲ್ಲ, ಕೆಲವು ಸ್ಮಾರ್ಟ್ ಚಾರ್ಜರು ಮಧ್ಯದಲ್ಲೇ ಬ್ಯಾಟರಿ ಇಲ್ಲ ಅಂದ್ಕೊಂಡು ನಿಂತೋಗತ್ತೆ. ಕರೆಂಟ್ ಸ್ಥಿರವಾಗಿಡೋ ಪವರ್ ಸಪ್ಲೈ ಬೇಕು, ಆಗ ವೋಲ್ಟೇಜ್ 12ರಿಂದ 18ರ ಮಧ್ಯೆ ತಾನೇ ನಿಧಾನಕ್ಕೆ ಏರತ್ತೆ. ವೋಲ್ಟೇಜ್ ಥಟ್ಟಂತ ಮೇಲಕ್ಕೆ ಹೋದ್ರೆ ತಂತಿ ಹಿಡಿತ ಬಿಟ್ಟಿದೆ ಅಂತ ಅರ್ಥ.

ತೊಟ್ಟಿ 18-22 ಡಿಗ್ರಿ. ಇದನ್ನೇ ಜನ ಕಡೆಗಣಿಸೋದು. ಕರೆಂಟ್ ಹರಿದು ತೊಟ್ಟಿ ತಾನೇ ಬಿಸಿ ಆಗತ್ತೆ, 25 ದಾಟಿದ್ರೆ ಪದರ ಬೆಳೆದಷ್ಟೂ ಆ್ಯಸಿಡ್ ತಿಂದು ಪುಡಿಪುಡಿ ಆಗತ್ತೆ, ಬೆರಳಲ್ಲಿ ಉಜ್ಜಿದ್ರೆ ಬಣ್ಣ ಬರತ್ತೆ. ದೊಡ್ಡ ತೊಟ್ಟಿ, ಸಣ್ಣ ಗಾಳಿ ಪಂಪ್, ಸುತ್ತ ಐಸ್ ನೀರು.

ಅದಕ್ಕೂ ಮುಂಚಿನ ತಯಾರಿ ಎಣ್ಣೆ ಜಿಡ್ಡು ತೆಗೆಯೋದು, ಕಾಸ್ಟಿಕ್ ಸೋಡಾ ನೀರಲ್ಲಿ ಸ್ವಲ್ಪ ಹೊತ್ತು ಎಚ್ (ಮೇಲ್ಮೈ ಒಂಚೂರು ಕರಗಿಸೋದು), ಆಗ ಮೇಲೆ ಕೂರೋ ಮಸಿ ತೆಗೆಯೋಕೆ ಡೀಸ್ಮಟ್. ಬರಿ ಕೈಯಲ್ಲಿ ಮುಟ್ಟಿದ್ರೆ ಬೆರಳಚ್ಚು ಕೂಡ ಡೈ ಆಗಿ ಬರತ್ತೆ. ಅನೋಡೈಸ್ ಆದ್ಮೇಲೆ ತಣ್ಣೀರಲ್ಲೇ ಚೆನ್ನಾಗಿ ತೊಳೆದು, ಒಣಗೋಕೆ ಬಿಡದೆ 50-60 ಡಿಗ್ರಿ ಡೈಗೆ ಹಾಕಿ. ಬಿಸಿನೀರಲ್ಲಿ ತೊಳೆದ್ರೆ ರಂಧ್ರ ಅಲ್ಲೇ ಮುಚ್ಚೋಕೆ ಶುರು ಆಗಿ ಡೈ ಇಳಿಯಲ್ಲ. ಕೊನೆಗೆ ಡಿಸ್ಟಿಲ್ಡ್ ವಾಟರನ್ನ 96 ಡಿಗ್ರಿ ಮೇಲೆ ಇಟ್ಟು ಮೈಕ್ರಾನಿಗೆ ಎರಡು ಮೂರು ನಿಮಿಷದ ಲೆಕ್ಕದಲ್ಲಿ ಸೀಲ್, 18 ಮೈಕ್ರಾನಿಗೆ ಮುಕ್ಕಾಲು ಗಂಟೆ ಆಗತ್ತೆ. ನಲ್ಲಿ ನೀರಾದ್ರೆ ಬಿಳಿ ಕಲೆ ಕೂರತ್ತೆ. ಬಳಸಿದ ಆ್ಯಸಿಡ್ ಚರಂಡಿಗೆ, ಮಣ್ಣಿಗೆ ಸುರೀಬೇಡಿ, ಸೋಡಾದಿಂದ ಶಮನ ಮಾಡಿ ಅಪಾಯಕಾರಿ ತ್ಯಾಜ್ಯ ತಗೊಳ್ಳೋ ಕಡೆ ಕೊಡಿ.

ಹಳೇಗಾಡಿ:
ಓದಿ ಸುಸ್ತಾಯ್ತು ಸಾರ್. ಬಹುಶಃ ಅಂಗಡಿಗೇ ಕೊಡ್ತೀನಿ 🙏 ಕ್ಯಾಲಿಪರ್ ಬಗ್ಗೆ ಹೇಳಿ.

ಕಿಡಿಗಂಬಿ:
ಕ್ಯಾಲಿಪರ್ ಅನೋಡೈಸ್ ಮಾಡಿರೋದು ತುಂಬಾ ಬರತ್ತಲ್ಲ, ಮಾಡ್ಸಿ.

ಲೇತ್‌ಮಾಮ:
ಇಲ್ಲ, ಮಾಡ್ಸೋದು ಬೇಡ. ಹೊಸದಾಗಿ ತಯಾರಿಸುವಾಗ ಅನೋಡೈಸ್ ಮಾಡೋದಕ್ಕೂ ಬಳಸಿದ್ದನ್ನ ಮಾಡಿಸೋದಕ್ಕೂ ವ್ಯತ್ಯಾಸ ಇದೆ. ಪಿಸ್ಟನ್ ಕೂರೋ ಬೋರು ಆಗ್ಲೇ ಅನೋಡೈಸ್ ಆಗಿರೋ ಸಾಧ್ಯತೆ ಜಾಸ್ತಿ. ಹೊಸದು ಮಾಡೋ ಮುಂಚೆ ಹಳೇ ಪದರ ಕಾಸ್ಟಿಕ್‌ನಲ್ಲಿ ತೆಗೀತಾರೆ, ಆ ಪದರ ಲೋಹದಿಂದಲೇ ಆಗಿದ್ದಲ್ವಾ, ಅದು ಹೋದಾಗ ಲೋಹಾನೂ ಹೋದಂಗೆ, ಬೋರ್ ಅಗಲ ಆಗತ್ತೆ, ಸೀಲ್ ಕೂರೋ ತೋಡಿನ ಅಂಚು ಮೊಂಡಾಗತ್ತೆ. ಬ್ರೇಕಲ್ಲಿ ಅದನ್ನ ಸಹಿಸೋಕಾಗತ್ತಾ? ಒಳಗಿನ ಫ್ಲೂಯಿಡ್ ದಾರಿಯಲ್ಲಿ ಆ್ಯಸಿಡ್ ಕೂತ್ಕೊಂಡ್ರೆ ಅದೂ ತಲೆನೋವು. ಎಲ್ಲಾ ರಬ್ಬರ್ ತೆಗೆದು, ಬೋರು ದಾರಿ ಎಲ್ಲಾ ಮುಚ್ಚಿ, ಹೊರಗೆ ಮಾತ್ರ ಕ್ಯಾಲಿಪರ್ ಪೇಂಟ್ ಹೊಡೀರಿ. ಬ್ರೇಕ್ ಫ್ಲೂಯಿಡ್ ಬಿದ್ರೆ ಮಾಮೂಲಿ ಪೇಂಟ್ ಎದ್ದು ಬರತ್ತೆ, ಅದಕ್ಕೆ ತಡೆಯೋ ಎಪಾಕ್ಸಿ ಬಗೆ ನೋಡಿ ತಗೊಳ್ಳಿ.

ಇದೇ ಕಾರಣಕ್ಕೆ ಸಸ್ಪೆನ್ಶನ್ ತೋಳು, ಸ್ಟೀರಿಂಗ್ ನಕಲ್ ಇವನ್ನೂ ಅಂದಕ್ಕೆ ಅಂತ ಅನೋಡೈಸ್ ಮಾಡಿಸ್ಬೇಡಿ. ಆಕ್ಸೈಡ್ ಪದರ ಗಡಸು, ಆದ್ರೆ ಬಾಗಲ್ಲ, ಸೂಕ್ಷ್ಮವಾಗಿ ಬಿರುಕು ಬಿಡತ್ತೆ, ಪದೇಪದೇ ಹೊಡೆತ ತಿನ್ನೋ ಪಾರ್ಟಲ್ಲಿ ಆ ಬಿರುಕೇ ಲೋಹದೊಳಕ್ಕೆ ದಾರಿ ಮಾಡ್ಕೊಳ್ಳತ್ತೆ. ಹಾರ್ಡ್ ಪದರ ದಪ್ಪ ಆದಷ್ಟೂ ಪದೇಪದೇ ಹೊಡೆತ ತಾಳೋ ಬಲ ಇಳಿಯತ್ತೆ.

ನಟ್ಟುಬೋಲ್ಟು:
ಈಗ ನನ್ನ ಹೆಸರಿಗೆ ತಕ್ಕ ವಿಷಯ 😀 ಡಬ್ಬಿ ಬೋಲ್ಟು. ಸ್ಟೀಲ್ ಬೋಲ್ಟಿಗೆ ಅನೋಡೈಸ್ ಆಗಲ್ಲ, ಅದಕ್ಕೆ ಸತು ಲೇಪನ. ಹೊಳಪಿಗೆ ಅಂತ ಎಲ್ಲಾ ತೆಗೆದು ಸ್ಟೇನ್‌ಲೆಸ್ ಹಾಕೋರಿದಾರೆ, ಅಲ್ಯೂಮಿನಿಯಂ ಜೊತೆ ಸ್ಟೇನ್‌ಲೆಸ್ಸು, ಮಧ್ಯೆ ನೀರು ಉಪ್ಪು ಸೇರಿದ್ರೆ ಸವೆಯೋದು ಅಲ್ಯೂಮಿನಿಯಂ ಥ್ರೆಡ್, ಬಿಳಿ ಪುಡಿ ಕಟ್ಕೊಂಡು ಬೋಲ್ಟ್ ಕಚ್ಕೊಳ್ಳತ್ತೆ. ಸತು ಲೇಪನದ ಬೋಲ್ಟಾದ್ರೆ ಮೊದಲು ಸತು ಸವೆಯತ್ತೆ. ಸತು-ನಿಕಲ್ ಸಿಕ್ಕಿದ್ರೆ ಇನ್ನೂ ಒಳ್ಳೇದು.

ಆದ್ರೆ ತಲೆ ಮೇಲೆ 10.9, 12.9 ಅಂತ ಬರೆದಿರೋ ಬೋಲ್ಟ್ ಬೇರೆ ಮಾಡಿ ಇಡಿ. ಆ್ಯಸಿಡ್‌ನಲ್ಲಿ ತೊಳೆದು ಪ್ಲೇಟಿಂಗ್ ಮಾಡುವಾಗ ಹೈಡ್ರೋಜನ್ ಗಡಸು ಉಕ್ಕಿನೊಳಕ್ಕೆ ಹೋಗತ್ತೆ, ಬಿಗಿ ಮಾಡಿ ಒಂದೆರಡು ದಿನ ಬಿಟ್ಟು ತಾನೇ ಟಪ್ ಅಂತ ತಲೆ ಹಾರತ್ತೆ. ಪ್ಲೇಟಿಂಗ್ ಆಗಿ 4 ಗಂಟೆಯೊಳಗೆ 190-220 ಡಿಗ್ರಿಲಿ ಗಂಟೆಗಟ್ಲೆ ಬೇಯಿಸಿ ಅದನ್ನ ಹೊರಗೆ ಹಾಕ್ಬೇಕು, ಮಾಡ್ತೀರಾ ಅಂತ ಕೇಳಿ, ಮುಖ ನೋಡಿದ್ರೆ ಗೊತ್ತಾಗತ್ತೆ. ಹೆಡ್ ಬೋಲ್ಟು, ಕಾನ್ ರಾಡ್ ಬೋಲ್ಟು, ಬ್ರೇಕ್ ಬೋಲ್ಟು ಇವನ್ನ ಪ್ಲೇಟಿಂಗಿಗೆ ಕೊಡೋದೇ ಬೇಡ, ಹೊಸದು ತಗೊಳ್ಳಿ.

ಕೆಂಪಿರುವೆ:
ಅನೋಡೈಸ್‌ಲೂ ಹೈಡ್ರೋಜನ್ ಬರತ್ತಲ್ಲ, ಅಲ್ಯೂಮಿನಿಯಂಗೆ ಹಾಗಾಗಲ್ವಾ?

ರಸಾಯನಶಾಲೆ:
ಅಲ್ಲಿ ಹೈಡ್ರೋಜನ್ ಏಳೋದು ನೆಗೆಟಿವ್ ತಗಡಿನ ಹತ್ರ, ಪಾರ್ಟ್ ಇರೋದು ಪಾಸಿಟಿವ್ ಕಡೆ. ಹಾಗಾಗಿ ಆ ಭಯ ಇಲ್ಲ.

ಕೆಂಪಿರುವೆ:
ಓ ಸರಿ. ಮತ್ತೆ ಕಾಮನಬಿಲ್ಲಿನ ಬಣ್ಣದ ಬೋಲ್ಟ್ ಬರತ್ತಲ್ಲ?

ರಸಾಯನಶಾಲೆ:
ಅದು ಟೈಟಾನಿಯಂ. ಡೈ ಇಲ್ಲ, ಪದರದ ದಪ್ಪದಿಂದ ಬೆಳಕು ಬಣ್ಣ ಆಗಿ ಕಾಣೋದು, ವೋಲ್ಟೇಜ್ ಬದಲಾಯಿಸಿದ್ರೆ ಬಣ್ಣ ಬದಲಾಗತ್ತೆ. ಪದರ ತುಂಬಾ ತೆಳು, ಸ್ಪ್ಯಾನರ್ ಹಾಕಿದ ಕಡೆ ಉಜ್ಜಿ ಹೋಗತ್ತೆ. ಅಚ್ಚ ಕೆಂಪು ಮಾತ್ರ ಅದರಲ್ಲಿ ಬರಲ್ಲ.

ಹಳೇಗಾಡಿ:
ಕೆಂಪು ಯಾವ ಕಡೆ ಹೋದ್ರೂ ಸಿಗ್ತಿಲ್ಲ ನನಗೆ 😂 ಸರಿ ಈಗ ಹೀಗೆ ಅಂದ್ಕೊಂಡಿದೀನಿ, ವಾಲ್ವ್ ಕವರ್ ಬ್ಯಾಫಲ್ ಬಿಚ್ಚಿ ಕೆಂಪು ಸುಕ್ಕು ಪೌಡರ್, ಮ್ಯಾನಿಫೋಲ್ಡ್ ಹೊರಗೆ ಮಾತ್ರ ಸಣ್ಣಗೆ ಬ್ಲಾಸ್ಟ್ ಮಾಡ್ಸಿ ಹಾಗೇ ಬಿಡೋದು, ಪೈಪು ಪಾಲಿಶ್, ಬ್ರ್ಯಾಕೆಟ್ ಕೆಂಪು ಅನೋಡೈಸ್ ಅರ್ತ್ ಜಾಗ ಮಾಸ್ಕ್, ಪುಲ್ಲಿ ಹಾರ್ಡ್ ಕಪ್ಪು, ಚಕ್ರಕ್ಕೆ ದ್ರವ ಪೇಂಟು, ಕ್ಯಾಲಿಪರ್‌ಗೆ ಎಪಾಕ್ಸಿ. ಮ್ಯಾನಿಫೋಲ್ಡ್ ಬರೀ ಬಿಟ್ರೆ ಮಂಕಾಗತ್ತಾ?

ಬೆಸುಗೆಕೈ:
ಬ್ಲಾಸ್ಟ್ ಮಾಡಿದ ಎರಕ ಎಣ್ಣೆ ಕೈ ಗುರುತನ್ನೆಲ್ಲ ಹೀರ್ಕೊಳ್ಳತ್ತೆ, ಬೇಗ ಕೊಳಕಾಗತ್ತೆ. ಬೀಡ್ ಆದ್ಮೇಲೆ ನೀರು ಬೆರೆಸಿ ಮಾಡೋ ವೇಪರ್ ಬ್ಲಾಸ್ಟ್ ಅಂತ ಇದೆ, ಅದರಲ್ಲಿ ಮೇಲ್ಮೈ ಮುಚ್ಕೊಂಡಂಗೆ ಆಗಿ ಸ್ಯಾಟಿನ್ ಹೊಳಪು ಬರತ್ತೆ, ತೊಳೆದ್ರೂ ಹೋಗತ್ತೆ. ಮಣಿ ಒಳಗೆ ಹೋಗದ ಹಾಗೆ ಪೋರ್ಟೆಲ್ಲ ಮುಚ್ಚಿಸೋದು ಅದಕ್ಕೂ ಅಷ್ಟೇ. ಸ್ಟೀಲ್ ಗ್ರಿಟ್ಟಿಂದ ಹೊಡೆಯೋಕೆ ಬಿಡ್ಬೇಡಿ, ಕಬ್ಬಿಣದ ಚೂರು ಕಚ್ಕೊಂಡು ಆಮೇಲೆ ಕಂದು ಚುಕ್ಕೆ ಏಳತ್ತೆ.

ಲೇತ್‌ಮಾಮ:
ಬ್ರ್ಯಾಕೆಟ್ಟೆಲ್ಲ ಒಂದೇ ಬ್ಯಾಚಲ್ಲಿ ಮಾಡಿ ಅಂತ ಹೇಳಿ, ಬೇರೆ ಬೇರೆ ದಿನ ಮಾಡಿದ್ರೆ ಕೆಂಪು ಬೇರೆ ಬೇರೆ ಬರತ್ತೆ. ಅದೇ 6061ರ ಒಂದು ತುಂಡನ್ನ ಮೊದಲು ಸ್ಯಾಂಪಲ್ ಮಾಡ್ಸಿ ನೋಡಿ. ಯಾವ ಲೋಹ, ಎಷ್ಟು ಮೈಕ್ರಾನ್, ಎಲ್ಲಿ ಮಾಸ್ಕ್, ತಂತಿ ಎಲ್ಲಿ ಹಿಡಿಸ್ಬೇಕು, ಇಷ್ಟನ್ನೂ ಕಾಗದದ ಮೇಲೆ ಬರೆದು ಪಾರ್ಟ್ ಜೊತೆ ಕೊಡಿ, ಬಾಯಲ್ಲಿ ಹೇಳಿದ್ದು ತೊಟ್ಟಿ ಹತ್ರ ನಿಂತೋರಿಗೆ ತಲುಪಲ್ಲ.

ಕಿಡಿಗಂಬಿ:
ಜೋಡಿಸಿದ್ಮೇಲೆ ತೊಳೆಯೋಕೆ ಸಿಕ್ಕಿದ್ದೆಲ್ಲ ಹಾಕ್ಬೇಡಿ. ಅನೋಡೈಸ್ ಪದರ ಪಿಎಚ್ 4ರಿಂದ 9ರೊಳಗೆ ಮಾತ್ರ ಸುಮ್ನಿರತ್ತೆ. ಚಕ್ರಕ್ಕೆ ಹಾಕೋ ಆ್ಯಸಿಡ್ ಕ್ಲೀನರ್, ಇಂಜಿನ್‌ಗೆ ಹಾಕೋ ಕ್ಷಾರದ ಡಿಗ್ರೀಸರ್ ಎರಡೂ ಕಲೆ ಬಿಡಿಸ್ತವೆ, ಆ ಕಲೆ ಉಜ್ಜಿದ್ರೆ ಹೋಗಲ್ಲ ಯಾಕಂದ್ರೆ ಪದರವೇ ಕರಗಿರತ್ತೆ. ಕಾರ್ ಶ್ಯಾಂಪೂ ಸಾಕು.

ಹಳೇಗಾಡಿ:
ಡಿಗ್ರೀಸರ್ ಕ್ಯಾನ್ ಈಗಷ್ಟೇ ಶೆಲ್ಫಿನ ಹಿಂದಕ್ಕೆ ತಳ್ಳಿದೆ. ಪುಲ್ಲಿ ಬೋರು ಇನ್ನೂ ಫೈನಲ್ ಅಳತೆಗೆ ತಂದಿಲ್ಲ, ಪುಣ್ಯ. ಹಾರ್ಡ್ ಆದ್ಮೇಲೆ ಕೊರೆಸ್ಲಾ, ಮುಂಚೇನೇ 50 ಮೈಕ್ರಾನ್ ದೊಡ್ಡದು ಮಾಡಿ ಕೊಡ್ಲಾ?

ಲೇತ್‌ಮಾಮ:
ಬೋರಿಗೆ ಪದರದ ಕೆಲಸ ಏನಿಲ್ಲ, ಅಲ್ಲಿ ಬೆಲ್ಟ್ ಓಡಲ್ಲ. ಫೈನಲ್ ಅಳತೆಗೆ ಈಗ್ಲೇ ತಂದು ಬಿರಡೆ ಹಾಕ್ಸಿ ಕೊಡಿ. ಹಾರ್ಡ್ ಪದರ ಕೊರೆಯೋಕೆ ಹೋದ್ರೆ ಟೂಲ್ ಮೊನೆ ಹೋಗತ್ತೆ.